ಡೀನಮ್ಮನ ವೇಳಾಪಟ್ಟಿ

"ನೋಡು ದೊಡ್ಡಮ್ಮ, ಹದಿನಾಲ್ಕು ಜನ ಇರಬೇಕಾದ ಕಡೆ ಐದೇ ಜನ ಇದ್ದೀವಿ. ಇತಿಹಾಸದ ಮೇಷ್ಟ್ರು ರಿಟೈರ್ ಆದ್ರು, ಆ ಪಾಠ ನನಗೆ. ಮನಃಶಾಸ್ತ್ರ ಹೇಳೋರು ವರ್ಗ ಮಾಡಿಸ್ಕೊಂಡ್ರು, ಅದೂ ನನಗೆ. ನಾನು ಓದಿದ್ದು ಭಾಷಾಶಾಸ್ತ್ರ. ಬಸ್ಸಲ್ಲಿ ಓದ್ಕೊಂಡು ಹೋಗಿ ಹನ್ನೊಂದಕ್ಕೆ ಪಾಠ ಮಾಡ್ತೀನಿ. ನಾನು ಮಕ್ಕಳಿಗಿಂತ ಒಂದು ಪುಟ ಮುಂದೆ, ಅಷ್ಟೇ. ಡೀನ್ ಅನ್ನೋದೂ ಪ್ರಭಾರ. ಮೂರು ತಿಂಗಳು ಅಂದಿದ್ರು, ನಾಲ್ಕು ವರ್ಷ ಆಯ್ತು. ತತ್ತ್ವಶಾಸ್ತ್ರದ ಮೇಷ್ಟ್ರು ಏಳು ವರ್ಷದಿಂದ ಅತಿಥಿ ಉಪನ್ಯಾಸಕರು. ಯಾವ ಮನೇಲಿ ಅತಿಥೀನ ಏಳು ವರ್ಷ ಬಾಗಿಲಲ್ಲೇ ನಿಲ್ಲಿಸ್ತಾರೆ, ಹೇಳು. ಕಾಯಂ ಮಾಡ್ದಿದ್ರೆ ಬೇರೆ ಕಡೆ ಹೋಗ್ತಾರಂತೆ. ಅವರು ಹೋದ್ರೆ ಆ ವಿಭಾಗ ಮುಚ್ಚಿದ ಹಾಗೇ."

ಇದು ನನ್ನ ತಂಗಿಯ ಮಗಳ ಮಾತು. ನಾನಿರುವುದೂ ಅವಳ ಮನೆಯಲ್ಲೇ. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ, ಇತಿಹಾಸ, ಶಿಕ್ಷಣ ಇವೆಲ್ಲ ಸೇರಿದ ನಿಕಾಯಕ್ಕೆ ಅವಳೇ ಯಜಮಾನಿ. ಅವಳ ಗಂಡ ಇಟ್ಟ ಹೆಸರು ಡೀನಮ್ಮ. ಯಾರಾದರೂ ಅರ್ಧ ಬಿಟ್ಟ ಕೆಲಸ ಕಂಡರೆ ಅವಳಿಗೆ ತಡೆಯದು. ಚಿಕ್ಕಂದಿನಲ್ಲೂ ತಮ್ಮಂದಿರ ಕೆಲಸ ಮುಗಿಸುತ್ತಿದ್ದವಳು ಇವಳೇ, ತಡವಾಯಿತೆಂದು ಬೈಸಿಕೊಳ್ಳುತ್ತಿದ್ದವಳೂ ಇವಳೇ.

ಖಾಲಿ ಹುದ್ದೆ ತುಂಬಿಸಿ ಎಂದು ಬರೆದ ಆರನೆಯ ಕಾಗದಕ್ಕೆ ಮೇಲಿನಿಂದ ಉತ್ತರ ಬಂತು. 'ತರಗತಿಗಳು ಸರಾಗವಾಗಿ ನಡೆಯುತ್ತಿರುವುದರಿಂದ ಹೊಸ ನೇಮಕದ ಅಗತ್ಯ ಕಂಡುಬಂದಿಲ್ಲ.' ಅವಳು ಕೆಂಡವಾದಳು.

"ಸರಾಗ ಅಂತ ಇವರಿಗೆ ಹೇಳಿದ್ಯಾರು?"

ಕಚೇರಿಯ ಹಳೆಯ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿದರಂತೆ. "ನೀವೇ ಮೇಡಂ. ನೀವು ಕಳಿಸೋ ವೇಳಾಪಟ್ಟೀಲಿ ಒಂದು ಚೌಕಾನೂ ಖಾಲಿ ಇರಲ್ಲ. ಸೋಮವಾರ ಹನ್ನೊಂದಕ್ಕೆ ಎರಡು ರೂಮಲ್ಲೂ ನೀವೇ ಇದ್ದೀರಿ. ದೇವರಿಗೂ ಅಷ್ಟು ಕೆಲಸ ಇಲ್ಲ."

"ಮಧ್ಯದ ಬಾಗಿಲು ತೆಗೆದಿಟ್ಟು ಮಾಡ್ತೀನಲ್ರೀ."

"ಅದನ್ನೂ ಪಟ್ಟೀಲಿ ಬರೀಬೇಕಿತ್ತು."

ಇದನ್ನು ಮನೆಯಲ್ಲಿ ಹೇಳಿ ನಕ್ಕಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಮರುದಿನ ಕೂತು, ತನ್ನದಲ್ಲದ ಪಾಠಗಳ ಚೌಕದಲ್ಲೆಲ್ಲ ತನ್ನ ಹೆಸರು ಅಳಿಸಿ 'ಅಧ್ಯಾಪಕರಿಲ್ಲ' ಎಂದು ಬರೆದಳು. ಹನ್ನೊಂದು ಚೌಕ. "ಕೈಯೇ ಬರ್ತಿಲ್ಲ ದೊಡ್ಡಮ್ಮ, ಮಕ್ಕಳ ಪಾಠ ಹೋಗುತ್ತಲ್ಲ" ಎಂದಳು.

"ಊರಿಗುಪಕಾರಿ ನಾಲ್ಕು ದಿನ ಸುಮ್ನಿರ್ಲಿ" ಎಂದ ಗಂಡ.

ಸೋಮವಾರ ಹನ್ನೊಂದಕ್ಕೆ ಮಕ್ಕಳು ಅವಳ ಕೋಣೆಗೆ ಬಂದರು. "ಮೇಡಂ, ಕ್ಲಾಸು?"

"ಮೇಷ್ಟ್ರಿಲ್ಲ. ಯಾಕಿಲ್ಲ ಅಂತ ಕುಲಸಚಿವರನ್ನ ಕೇಳಿ. ಮೆತ್ತಗೆ ಕೇಳಿ."

ನಲವತ್ತು ಮಕ್ಕಳು ಆಡಳಿತ ಕಚೇರಿಯ ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕೂತರು. ಕೂಗಲಿಲ್ಲ, ಓದಿದರು. ಕುಲಸಚಿವರು ಹತ್ತಿ ಇಳಿದಾಗಲೆಲ್ಲ ಅಷ್ಟೂ ಮಂದಿ ಎದ್ದು ನಮಸ್ಕಾರ ಹೇಳಿದರು. ಮಂಗಳವಾರವೂ ಹಾಗೇ, ಬುಧವಾರವೂ ಹಾಗೇ. ಇತ್ತ ಇವಳು ಕುರ್ಚಿಯ ಕೈ ಹಿಡಿದು ಕೂತಿದ್ದಳಂತೆ, ಎದ್ದರೆ ಕಾಲು ತರಗತಿಗೇ ಹೋಗುತ್ತದೆಂದು.

ಗುರುವಾರ ಕುಲಸಚಿವರ ಫೋನು. "ಏನಮ್ಮಾ, ಇಷ್ಟು ದಿನ ನಡೀತಿತ್ತಲ್ಲ?"

"ನಡೀತಿರ್ಲಿಲ್ಲ ಸರ್, ನಾನು ಓಡ್ತಿದ್ದೆ."

ಒಂಬತ್ತು ಹುದ್ದೆ ಕೇಳಿದ್ದಕ್ಕೆ ಎರಡು ಮಂಜೂರಾದವು. ಒಂದು ಮನಃಶಾಸ್ತ್ರಕ್ಕೆ, ಇನ್ನೊಂದು ತತ್ತ್ವಶಾಸ್ತ್ರಕ್ಕೆ. ಅತಿಥಿ ಮೇಷ್ಟ್ರು ಸಂದರ್ಶನಕ್ಕೆ ಕೂತು ಆಯ್ಕೆಯಾದರು, ಏಳು ವರ್ಷದ ಮೇಲೆ ಅವರಿಗೊಂದು ಮೇಜು ಸಿಕ್ಕಿತು. ಇತಿಹಾಸದ ಚೌಕ ಇನ್ನೂ ಖಾಲಿಯೇ ಇದೆ. ಅದನ್ನು ತುಂಬಲು ಅವಳು ಹೋಗಿಲ್ಲ. ಮೆಟ್ಟಿಲ ಮೇಲೆ ಈಗ ಇಪ್ಪತ್ತು ಮಕ್ಕಳು ಓದುತ್ತಿದ್ದಾರೆ.

ಆಯ್ಕೆಯ ಆದೇಶ ಬಂದ ದಿನ ಬೇಗ ಮನೆಗೆ ಬಂದಳು. ಮಹಡಿಯಿಂದ ಒಣಗಿದ ಬಟ್ಟೆ ತಂದು ಮಂಚದ ಮೇಲೆ ಸುರಿದು, ತನ್ನವೂ ನನ್ನವೂ ಒಂದೊಂದಾಗಿ ಮಡಚಿದಳು. ಇಷ್ಟು ದಿನ ತಾನೇ ಮಡಚಿಡುತ್ತಿದ್ದ ಗಂಡನ ಅಂಗಿಗಳನ್ನು ಒಂದು ಕಡೆ ಒಟ್ಟಿ, ಮಡಚದೆ ಬಿಟ್ಟಳು.