ಹರೀಶನ ಜಪಾನಿ ಆಲ್ಬಮ್ಮು, ನನ್ನ ತಲೆಹರಟೆ ವಿಮರ್ಶೆ

ನಂಬೋಕಾಗ್ತಿಲ್ಲ...
ಬೆಳಿಗ್ಗೆ ಎಂಟೂವರೆಗೆ ವಾಟ್ಸಾಪ್‌ನಲ್ಲಿ “ಕೇಳಿದ್ರಾ?” ಅಂತ ಹಾಕಿದವನು
ಹನ್ನೊಂದಕ್ಕೆ ಇಲ್ಲ.
ಇಲ್ಲ ಅಂದರೆ ಇಲ್ಲ... ಖಲಾಸ್.

ನಮ್ಮ ಹರೀಶ.
ಇಲ್ಲಿ ಗಲ್ಫಿನ ಅಲ್ ಕೂಜ್‌ನಲ್ಲಿರುವ ನಮ್ಮ ಕಂಪನಿಯ ಎಸಿ ಡಕ್ಟ್ ವರ್ಕ್‌ಶಾಪಿನ ಸ್ಟೋರ್‌ಕೀಪರ್. ಕಾರ್ಕಳದ ಕಡೆಯವನು.
ಪಿಕಪ್‌ಗೆ ಶೀಟ್ ಲೋಡ್ ಮಾಡಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ...
ಆಂಬುಲೆನ್ಸ್ ಬಂತು... ಒಯ್ದರು... ಅಷ್ಟೇ.
ನಲವತ್ತೊಂದು ವಯಸ್ಸು.

ನಿಮ್ಮಲ್ಲಿ ಬಹಳ ಜನಕ್ಕೆ ಅವನು ಗೊತ್ತಿರುವುದು ನನ್ನ ಒಂದು ಪೋಸ್ಟ್‌ನಿಂದ.
ಅದನ್ನು ಹೇಳದೆ ಇದ್ದರೆ ಇದು ಶ್ರದ್ಧಾಂಜಲಿ ಆಗುವುದಿಲ್ಲ.

ಊರಿಗೆ ವಾಪಸಾದ ಜಪಾನಿ ಎಂಜಿನಿಯರ್ ಒಬ್ಬರು ಇವನ ಪಿಕಪ್‌ನಲ್ಲಿ ಒಂದು ಸಿಡಿ ಬಿಟ್ಟುಹೋಗಿದ್ದರು.
ಅವರ ಕಡೆಯ ಒಬ್ಬ ಪಾಪ್ ಗಾಯಕಿಯದು. ಇವನಿಗೆ ಹುಚ್ಚೇ ಹಿಡಿಯಿತು.
ಗಾಡಿ ಹತ್ತಿದರೆ ‘ಜಪ’ ಆನ್... ಅದಕ್ಕೇ ಜಪಾನ್ ಅಂತ ನಾನು ರೇಗಿಸುತ್ತಿದ್ದೆ.
ಡೆಲಿವರಿ ನೋಟುಗಳ ಹಿಂಬದಿಯಲ್ಲಿ ಆ ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದ.

ಅವಳ ಹೊಸ ಆಲ್ಬಮ್ಮಿಗೆ ಆರು ತಿಂಗಳು ಕಾದ. ಜಪಾನಿನಿಂದಲೇ ತರಿಸಿದ.
ಪಾರ್ಸೆಲ್ ಬಂದದ್ದು ಕಂಪನಿಯ ಪಿ.ಒ. ಬಾಕ್ಸ್‌ಗೆ... ಅಂದರೆ ಜುಮೇರಾ ಲೇಕ್ ಟವರ್ಸ್‌ನ ಆಫೀಸಿನಲ್ಲಿ ನನ್ನ ಮೇಜಿಗೆ.
ಫೋನ್ ಮಾಡಿದರೆ, “ನೀವೇ ಒಡೆದು ಕೇಳಿ ಮಾರಾಯ್ರೆ, ನಾನು ಗುರುವಾರ ಬರ್ತೇನೆ” ಅಂದ.

ನಾನು ಕೇಳಿದ್ದು ಅರ್ಧ ನಿಮಿಷ.
“ಅನಾತ... ಅನಾತ...” ಅನ್ನುತ್ತಿದ್ದಳು. ನನ್ನಂಥವನಿಗೆ ಅಷ್ಟು ಸಾಕಲ್ಲ!
ಮಧ್ಯಾಹ್ನವೇ ಫೇಸ್‌ಬುಕ್ಕಿನಲ್ಲಿ ವಿಮರ್ಶೆ: ‘ಅನಾಥ ಆಲ್ಬಮ್.’
‘ಇದು ಹಾಡಲ್ಲ, ಆಕೆಯ ಪಾಡು... ಕೇಳುವವರೇ ಇಲ್ಲದ ಮೇಲೆ ಅನಾಥೆಯೇ ತಾನೇ?’
ನೀವೆಲ್ಲ ನಕ್ಕಿರಿ. ಶಾರ್ಜಾದಿಂದ ಅಬುಧಾಬಿವರೆಗೆ ಗ್ರೂಪುಗಳಲ್ಲಿ ಓಡಿತು.
ಆಲ್ಬಮ್ ಅವನ ಕೈಸೇರುವ ಮೊದಲೇ ನನ್ನ ವಿಮರ್ಶೆ ಸೇರಿತ್ತು.
ಅವತ್ತಿನಿಂದ ವರ್ಕ್‌ಶಾಪಿನಲ್ಲಿ ಅವನ ಹೆಸರೇ ಬದಲಾಯಿತು... “ಯಲ್ಲಾ ಅನಾಥ, ಬೇಗ ಶೀಟ್ ಕೊಡು!”

ಹರೀಶ,
ನೀನು ಜಗಳಕ್ಕೂ ಬರಲಿಲ್ಲ ಕಣೋ...
ಸಿಡಿ ತಗೊಂಡು ಹೋದೆ. ಒಂದು ವಾರ ಬಿಟ್ಟು ಪೆನ್‌ಡ್ರೈವ್‌ನಲ್ಲಿ ಕಾಪಿ ಮಾಡಿ ತಂದೆ.
“ಅನಾತ ಅಂದ್ರೆ ಅವರಲ್ಲಿ ‘ನೀವು’ ಅಂತ ಮಾರಾಯ್ರೆ. ಎದುರಿಗೆ ಇದ್ದವರನ್ನು ಕರೆಯುದು.”
“ಹಾಗಾದ್ರೆ ನಾನೂ ಅನಾಥನೇ ಬಿಡು” ಅಂದೆ ನಾನು. ಅದಕ್ಕೂ ನಕ್ಕೆ ನೀನು.
“ಗಂಟಲು ಆಪರೇಷನ್ ಆದ ಮೇಲೆ ಹಾಡಿದ್ದಂತೆ ಇದು. ಸ್ವರ ಮೊದಲಿನ ಹಾಗೆ ಏರುದಿಲ್ಲ. ಕುಣಿಯುವ ಹಾಡು ಒಂದೂ ಇಲ್ಲ ಅಂತ ಅಲ್ಲಿಯ ಹಳೇ ಫ್ಯಾನ್ಸ್ ಸಹ ಬೈದಿದ್ದಾರೆ. ನನಗೆ ಮಾತ್ರ ಇದೇ ಭಾರೀ ಇಷ್ಟ ಆದದ್ದು. ಒಮ್ಮೆ ಪೂರ್ತಿ ಕೇಳಿ... ಮತ್ತೆ ಬೇಕಾದ್ರೆ ಇನ್ನೊಂದು ಬರೆಯಿರಿ.”
ಈ ಶುಕ್ರವಾರ ಖಂಡಿತ, ಅಂದಿದ್ದೆ.
ಎಷ್ಟು ಶುಕ್ರವಾರ ಹೋದವೋ...
ನೀನು ಕೇಳುತ್ತಲೇ ಇದ್ದೆ. ನಾನು ಕೇಳಲೇ ಇಲ್ಲ.

ಮಧ್ಯಾಹ್ನ ಕಂಪನಿಯಲ್ಲಿ ಅವನ ಫೈಲ್ ತೆಗೆದೆವು. ದೇಹ ಊರಿಗೆ ಕಳಿಸಬೇಕಲ್ಲ... ಯಾರಿಗೆ?
ತಂದೆ, ತಾಯಿ... ಎರಡೂ ಕಡೆ ಬರೀ ಗೆರೆ.
ಹತ್ತಿರದ ಸಂಬಂಧಿ ಅನ್ನುವಲ್ಲಿ ಊರಿನ ಒಂದು ಅನಾಥಾಲಯದ ವಾರ್ಡನ್ ಹೆಸರು.
ಫೋನ್ ಎತ್ತಿದವರು ಬೇರೆ ಯಾರೋ.
“ವಾರ್ಡನ್ ಮಾಷ್ಟ್ರು ತೀರಿಹೋಗಿ ಎರಡು ವರ್ಷ ಆಯ್ತಲ್ಲ... ಹರೀಶ ಇಲ್ಲಿಯೇ ಬೆಳೆದದ್ದು. ಕಳಿಸಿ, ನಾವು ಮಾಡ್ತೇವೆ.”

ಎಂಟು ವರ್ಷದ ಪರಿಚಯ. ಊರಲ್ಲಿ ಯಾರಿದ್ದಾರೆ ಅಂತ ಒಮ್ಮೆಯೂ ಕೇಳಿರಲಿಲ್ಲ ನಾನು.
ಆ ಹೆಸರು ಹಿಡಿದು ಕೂಗಿದಾಗಲೆಲ್ಲ “ಹೋ, ಬಂದೆ” ಅನ್ನುತ್ತಿದ್ದನಲ್ಲ...
ಒಳಗೆ ಏನಾಗುತ್ತಿತ್ತೋ...

ಹಳೆಯ ಪೋಸ್ಟ್ ಅಳಿಸೋಣ ಅಂತ ಹೋದರೆ ಕೆಳಗೆ ಆಗಲೇ ಕಾಮೆಂಟು: ‘RIP ಅನಾಥ.’
ಜೊತೆಗೆ ಅಳುವ ಎಮೋಜಿ.
ಬರೆದವರನ್ನು ಬೈಯಲಾರೆ. ನಾಮಕರಣ ಮಾಡಿದವನು ನಾನು.
ಪೋಸ್ಟ್ ಅಳಿಸಿದ್ದೇನೆ... ಹೆಸರು ಅಳಿಸುವುದು ಹೇಗೆಂದು ಗೊತ್ತಿಲ್ಲ.
ಆಲ್ಬಮ್ ಪೂರ್ತಿ ಕೇಳಿದರೂ ಇನ್ನು ಯಾರಿಗೆ ಹೇಳಲಿ?

ಒಂದೇ ಬೇಡಿಕೆ... ಕೈ ಮುಗಿಯುತ್ತೇನೆ.
ಇಲ್ಲಿ ಕಾಮೆಂಟ್ ಹಾಕುವವರು ‘ಹರೀಶ’ ಅಂತ ಬರೆಯಿರಿ.
ಅಷ್ಟೇ ಸಾಕು.

ಹೋಗಿ ಬಾ ಹರೀಶ...
ಯಾರ ತಮಾಷೆಯೂ ತಲುಪದಂಥ ಶಾಂತಿ ನಿನ್ನ ಆತ್ಮಕ್ಕೆ ಸಿಗಲಿ.