ತಣಿಯುವಾಗ ಕಂಡದ್ದು

ಮಂಗಳೂರಿನಲ್ಲಿ ಹನ್ನೊಂದು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವಳು ನಾನು. ಗಂಡನ ವೀಸಾದಲ್ಲಿ ಅಬುಧಾಬಿಗೆ ಬಂದ ಮೇಲೆ ಸಿಕ್ಕಿದ್ದು ಒಂದು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ. ಗಾಜು ತೊಳೆಯುವುದು, ಉಪಕರಣ ಒರೆಸಿಡುವುದು.

ಅಲ್ಲಿ ಈಜಿಪ್ಟಿನ ಹುಡುಗಿಯೊಬ್ಬಳು ಪಿಎಚ್‌ಡಿ ಮಾಡುತ್ತಿದ್ದಳು. ಅವಳ ವಿಷಯ ಬೆಳಗುವ ದ್ರವ ಸ್ಫಟಿಕ: ದ್ರವದ ಹಾಗೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಮುಖಮಾಡಿ ನಿಲ್ಲುವ, ಅತಿನೇರಳೆ ಬೆಳಕು ಬಿದ್ದರೆ ತಾನೇ ಹೊಳೆಯುವ ವಸ್ತು. ಎರಡು ವರ್ಷ ದುಡಿದು ಮಾಡಿದ ಅವಳ ಪುಡಿ ಹೊಳೆಯಿತೇನೋ ಸರಿ. ಆದರೆ ಬಿಸಿ ಮಾಡಿದರೆ ನಡುವಿನ ಆ ದ್ರವ ಸ್ಫಟಿಕದ ಸ್ಥಿತಿ ಕಾಣಿಸದೆ ಸೀದಾ ಕರಗಿ ಸಾಮಾನ್ಯ ದ್ರವವಾಗಿಬಿಡುತ್ತಿತ್ತು.

"ಖಲಾಸ್," ಎಂದಳು ಒಂದು ಮಧ್ಯಾಹ್ನ, ಕಣ್ಣೊರೆಸಿಕೊಳ್ಳುತ್ತ. "ಪ್ರೊಫೆಸರ್ ಇದನ್ನು ಬಿಡು ಅಂದರು."

"ತಣಿಸುವಾಗ ನೋಡಿದ್ದೀಯಾ?"

"ನೋಡಿದೆ. ಹೀಟರ್ ಆಫ್ ಮಾಡಿದ ಕೂಡಲೇ ಗಟ್ಟಿಯಾಯಿತು."

"ಅಷ್ಟು ಅವಸರ ಮಾಡಿದರೆ ಹೇಗೆ ಮಾರಾಯ್ತಿ? ಇನ್ನೊಂದು ಸಲ ನಾನು ಮಾಡಲಾ?"

ಕೇಳಿದ ಮೇಲೆ ನನಗೇ ಅಳುಕಾಯಿತು. ಅವಳು ಎದ್ದು ಕುರ್ಚಿ ಬಿಟ್ಟುಕೊಟ್ಟಳು.

ಮೈಕ್ರೋಸ್ಕೋಪಿನ ಬಿಸಿ ತಟ್ಟೆಯ ಮೇಲೆ ಚಿಟಿಕೆ ಪುಡಿಯಿಟ್ಟು ಕರಗಿಸಿದೆ. ಆಮೇಲೆ ನಿಮಿಷಕ್ಕೆ ಒಂದೇ ಡಿಗ್ರಿಯಂತೆ ಇಳಿಸಿದೆ. ಕರಗಿದ ದ್ರವ ಆ ಮೈಕ್ರೋಸ್ಕೋಪಿನಲ್ಲಿ ಕಪ್ಪಗೆ ಕಾಣುತ್ತದೆ; ಅಣುಗಳು ಸಾಲಾಗಿ ನಿಂತರೆ ಮಾತ್ರ ಬಣ್ಣ. ಕಪ್ಪು, ಬರೀ ಕಪ್ಪು. ಕತ್ತು ನೋಯತೊಡಗಿತು. ಇದ್ದಕ್ಕಿದ್ದಂತೆ ಆ ಕಪ್ಪಿನೊಳಗೆ ಬಣ್ಣದ ಎಳೆಗಳು ಮಿಸುಕಾಡಿದವು, ರೇಷ್ಮೆ ನೂಲು ನೀರಲ್ಲಿ ಬಿಚ್ಚಿಕೊಂಡ ಹಾಗೆ.

"ಬತ್ತ್ಂಡ್!" ಎಂದು ಕೂಗಿದೆ. ಬಂತು ಎನ್ನಲು ಬಾಯಿಗೆ ಬಂದದ್ದು ತುಳುವೇ.

ಅವಳು ನನ್ನನ್ನು ತಳ್ಳಿಕೊಂಡೇ ಬಗ್ಗಿದಳು. ಕೆಲವೇ ಡಿಗ್ರಿಗಳ ಅಂತರದಲ್ಲಿ ಎಲ್ಲ ಗಟ್ಟಿಯಾಯಿತು. ಬಿಸಿ ಏರುವಾಗ ಸುಳಿವೇ ಕೊಡದ ಸ್ಥಿತಿ, ನಿಧಾನ ಇಳಿಯುವಾಗ ಮಾತ್ರ ಸಿಕ್ಕಿತ್ತು. ಮತ್ತೆ ಮೂರು ಸಲ ಮಾಡಿದೆವು. ಮೂರು ಸಲವೂ ಬಂತು. ಅತಿನೇರಳೆ ದೀಪ ಹಾಕಿದಾಗ, ಎಳೆಗಳಿರುವಷ್ಟು ಹೊತ್ತು ಅದರ ನೀಲಿ ಹೊಳಪು ಹಸಿರಿಗೆ ತಿರುಗುತ್ತಿತ್ತು.

ಪ್ರೊಫೆಸರ್ ಬಂದು ನೋಡಿ, "ಯಾರು ಮಾಡಿದ್ದು?" ಎಂದರು.

"ನಾನಲ್ಲ, ಇವರು," ಎಂದು ಅವಳು, ಮತ್ತೆ ಗಾಜು ತೊಳೆಯಲು ನಿಂತಿದ್ದ ನನ್ನ ಒದ್ದೆ ಕೈಗವಸಿನ ಕೈಯನ್ನೇ ಹಿಡಿದೆತ್ತಿದಳು.

ಪ್ರಬಂಧ ಅಚ್ಚಾದಾಗ ಲೇಖಕರ ಸಾಲಿನಲ್ಲಿ ನನ್ನ ಹೆಸರು ಮೂರನೆಯದು. ಖಲೀಫಾ ಸಿಟಿಯ ನಮ್ಮ ಮನೆಯಲ್ಲಿ ಮಗಳು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿ ಅದನ್ನು ಓದಿದಳು.

"ಅಮ್ಮಾ, ಈಸ್ ದಟ್ ರಿಯಲಿ ಯೂ?"

"ನಾನೇ," ಎಂದೆ. ಎಷ್ಟೋ ವರ್ಷಗಳ ನಂತರ ಟೀಚರ್ ದನಿ ತಾನಾಗಿ ಬಂದಿತ್ತು. "ಕೂತ್ಕೋ, ಅದರಲ್ಲೇನಿದೆ ಅಂತ ಹೇಳ್ತೇನೆ."