ಬಲೆಮನೆಯ ಜ್ವರ

ವನಜಕ್ಕ ಹುಟ್ಟಿದ್ದು ಉಪ್ಪುಂದದ ಕಡಲ ದಂಡೆಯಲ್ಲೇ. ಅಮ್ಮ ಬುಟ್ಟಿ ಹೊತ್ತು ಮೀನು ಮಾರಿ ಮಗಳನ್ನು ಓದಿಸಿದಳು. ಮಗಳು ನರ್ಸಿಂಗ್ ತರಬೇತಿ ಮುಗಿಸಿ, ಸಿದ್ದಾಪುರದ ಗುಡ್ಡಗಳನ್ನೆಲ್ಲ ಹತ್ತಿಳಿದು, ಕಡೆಗೆ ವರ್ಗವಾಗಿ ತನ್ನೂರಿನ ಆರೋಗ್ಯ ಕೇಂದ್ರಕ್ಕೇ ಬಂದಳು.

ಹೋದ ಮಳೆಗಾಲದಲ್ಲಿ, ನಾಡದೋಣಿಗಳು ಕಡಲಿಗಿಳಿಯುವ ಹೊತ್ತಿಗೆ, ಕೆಲವು ಗಂಡಸರು ಜ್ವರ, ಕೆಮ್ಮು, ಮೈಕೈನೋವು ಅಂತ ಕೇಂದ್ರಕ್ಕೆ ಬಂದರು. ಮಳೆಗಾಲಕ್ಕೆ ಜ್ವರ ಹೊಸತಲ್ಲ. ಆದರೆ ಬಂದವರೆಲ್ಲ ಗುಡ್ಡಣ್ಣನ ದೋಣಿಯವರು. ಯಾಕೋ ಸರಿ ಕಾಣದೆ ವನಜಕ್ಕ ಕೇಂದ್ರದ ಡಾಕ್ಟರ್ ಶ್ರಾವ್ಯರಿಗೆ ಹೇಳಿದಳು. ಸಾಲಿಗ್ರಾಮದ ಆ ಡಾಕ್ಟರಿಗೂ ಇದು ಮಾಮೂಲಿ ಜ್ವರವಲ್ಲವೆಂಬ ಗುಮಾನಿ. ಮೂಗು, ಗಂಟಲಿನ ದ್ರವ ತೆಗೆದು ಜಿಲ್ಲೆಯ ಲ್ಯಾಬಿಗೆ ಕಳಿಸಿದರು. ಎಚ್1ಎನ್1 ಫ್ಲೂ ಅಂತ ವರದಿ ಬಂತು.

"ಇನ್ನೂ ಯಾರ ಮನೆಯಲ್ಲಿದೆ, ಎಲ್ಲಿಂದ ಹರಡ್ತಿದೆ ಅಂತ ಗೊತ್ತಾಗ್ಬೇಕು. ನೀವು ಕೇಳಿದ್ರೆ ಹೇಳ್ತಾರೆ ವನಜಕ್ಕ" ಎಂದರು ಡಾಕ್ಟರ್.

ಎಲ್ಲಿ ಹೇಳುತ್ತಾರೆ! 'ಹಂದಿಜ್ವರ' ಎಂಬ ಮಾತು ಅವಳಿಗಿಂತ ಮೊದಲೇ ಮೀನುಗಾರರ ಕೇರಿ ತಲುಪಿತ್ತು. "ನಮ್ಮನಿಯಂಗೆ ಯಾರಿಗೂ ಜ್ವರ ಇಲ್ಲ" ಅಂತ ಬಾಗಿಲಲ್ಲೇ ಉತ್ತರ; ಒಳಗಿನಿಂದ ಮಾತ್ರ ಕೆಮ್ಮು ಕೇಳುತ್ತಿತ್ತು. ಗುಡ್ಡಣ್ಣನ ಮನೆಗೆ ಬಂದವಳು ಜಗಲಿಯಲ್ಲಿ ಕೂತೇಬಿಟ್ಟಳು.

"ಎಂತಕೆ ಮುಚ್ಚಿಡೂದ್ ರತ್ನಕ್ಕ?" ಎಂದು ಅವನ ಹೆಂಡತಿಯನ್ನು ಕೇಳಿದಳು.

"ಜ್ವರ ಅಂದ್ರೆ ನಮ್ ಮೀನ್ ಯಾರ್ ತಕಂತ್ರ್ ಮಾರಾಯ್ತಿ? ನಿನ್ನೆ ತಲ್ಲೂರಂಗೆ ಒಬ್ರ್ ನನ್ ಬುಟ್ಟಿ ಕಂಡದ್ದೇ ವಾಪಾಸ್ ಹೋದ್ರ್."

ವನಜಕ್ಕನಿಗೆ ಅಮ್ಮ ನೆನಪಾದಳು. ಬುಟ್ಟಿ ಖಾಲಿಯಾಗದ ದಿನ ಅಮ್ಮ ಮನೆಯಲ್ಲಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

"ಇದ್ ಮೀನಿಂದ ಬಪ್ಪುದಲ್ಲ, ಕೆಮ್ಮಿಂದ, ಉಸ್ರಿಂದ ಬಪ್ಪುದ್. ಯಾರ್ ಹೆಸ್ರೂ ನಾನ್ ಊರಿಗೆ ಹೇಳುದಿಲ್ಲ. ಮೊದ್ಲ್ ನಂಗೊಂಚೂರ್ ಬಂಗುಡೆ ಕೊಡಿ, ಇವತ್ತಿನ್ ಸಾರಿಗೆ."

ಕೇರಿಯವರೆಲ್ಲ ನೋಡುತ್ತಿದ್ದಂತೆ ಮೀನು ಕೊಂಡು ಚೀಲಕ್ಕೆ ಹಾಕಿದಳು. ರತ್ನ ಅವಳನ್ನು ಮೆಲ್ಲನೆ ಒಳಗೆ ಕರೆದಳು. ಕೋಣೆಯಲ್ಲಿ ಸೊಸೆ ಧನ್ಯಶ್ರೀ, ತುಂಬು ಬಸುರಿ, ಚಳಿಗೆ ನಡುಗುತ್ತಾ ಮಲಗಿದ್ದಳು. ಬಸುರಿಯರಿಗೆ ಈ ಜ್ವರ ಏರಿದರೆ ಏನಾದೀತೆಂದು ವನಜಕ್ಕನಿಗೆ ಗೊತ್ತಿತ್ತು. ನಿಂತಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದಳು. ಅಂದೇ ಧನ್ಯಶ್ರೀಯನ್ನು ಕುಂದಾಪುರದ ಆಸ್ಪತ್ರೆಗೆ ಸೇರಿಸಿ ದ್ರವ ತೆಗೆದು, ವರದಿಗೆ ಕಾಯದೆ ಮಾತ್ರೆ ಶುರುಮಾಡಿದರು.

ಆಮೇಲೆ ಕೇರಿಯವರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಕಡಲು ಎದ್ದು ದೋಣಿ ಇಳಿಸಲಾಗದ ದಿನ ಗಂಡಸರೆಲ್ಲ ದಂಡೆಯ ಬಲೆಮನೆಯಲ್ಲಿ, ಎರಚಲು ಹೊಡೆಯದಂತೆ ಸುತ್ತ ಟಾರ್ಪಾಲು ಇಳಿಬಿಟ್ಟು, ಮೈಗೆ ಮೈ ತಾಗಿಸಿ ಕೂತು ಹರಿದ ಬಲೆ ಸರಿಮಾಡುತ್ತಿದ್ದರಂತೆ. ಯಾರಿಗೆ ಮೊದಲು ಬಂತೆಂದು ಕೊನೆಗೂ ತಿಳಿಯಲಿಲ್ಲ. ಹರಡಿದ್ದು ಅಲ್ಲಿಂದಲೇ ಎಂಬುದರಲ್ಲಿ ಮಾತ್ರ ಅನುಮಾನ ಉಳಿಯಲಿಲ್ಲ.

ಮರುದಿನ ಡಾಕ್ಟರೂ ಅವಳೂ ಬಲೆಮನೆಗೇ ಹೋದರು. ಮೂಗಿಗೆ ಹಾಕುವ ಕಡ್ಡಿ ಕಂಡದ್ದೇ, ಎರಡು ದಿನದಿಂದ ಕೆಮ್ಮುತ್ತಿದ್ದ ಗುಡ್ಡಣ್ಣ ಪಕ್ಕದಲ್ಲಿ ಎಳೆದಿಟ್ಟಿದ್ದ ದೋಣಿಯ ಹಿಂದೆ ಸರಿದ.

"ಹ್ವಾಯ್ ಗುಡ್ಡಣ್ಣ, ಬನಿ ಇಲ್ಲಿ!" ಎಂದು ವನಜಕ್ಕ ಕರೆದಳು.

"ಅದ್ ಸೀದಾ ಮಿದುಳಿಗೇ ಹೋತಂಬ್ರ್. ನಂಗೆ ಬ್ಯಾಡ."

"ಅಲ್ಲಿವರಿಗೆ ಹೋಪಷ್ಟ್ ಉದ್ದ ಇಲ್ಲ ಮಾರಾಯ್ರೆ. ಸೊಸಿ ಸುಮ್ನೆ ಕೂಕಂಡ್ ಕೊಟ್ಟಿತ್, ಮಾವ ಓಡುದಾ?"

ಬಲೆಮನೆಗೆ ಬಲೆಮನೆಯೇ ನಕ್ಕಿತು. ಗುಡ್ಡಣ್ಣ ಬಂದು, ಕಣ್ಣು ಗಟ್ಟಿಯಾಗಿ ಮುಚ್ಚಿ, ವನಜಕ್ಕನ ಕೈಯನ್ನು ದೋಣಿಯ ಹುಟ್ಟು ಹಿಡಿದಂತೆ ಹಿಡಿದುಕೊಂಡ. ಕಡ್ಡಿ ಹೊರಬಂದ ಮೇಲೆ ದೊಡ್ಡದೊಂದು ಸೀನು ಸೀನಿ, "ಇಷ್ಟೇಯಾ?" ಎಂದ. ಆಮೇಲೆ ತಾನೇ ಎದ್ದು ಟಾರ್ಪಾಲು ಮೇಲೆತ್ತಿ ಕಟ್ಟಿ, "ಕೆಮ್ಮಿದ್ದವ್ರೆಲ್ಲ ಮನಿಗ್ ಹೋಯ್ನಿ, ನಾನೂ ಹೋತೆ" ಅಂತ ಹೊರಟ.

ಕೆಲವು ದಿನ ದೋಣಿ ಕಡಿಮೆ ಜನರೊಂದಿಗೇ ಹೋಯಿತು. ಜ್ವರ ಕೇರಿ ದಾಟಲಿಲ್ಲ. ಧನ್ಯಶ್ರೀ ಚೇತರಿಸಿಕೊಂಡು ಮನೆಗೆ ಬಂದಳು. ಮಳೆ ಕಡಿಮೆಯಾಗುವ ಸೋಣೆ ತಿಂಗಳಲ್ಲಿ ಅವಳಿಗೆ ಹೆಣ್ಣು ಮಗುವಾಯಿತು. ಮೀನೂ ಎಂದಿನಂತೆ ಮಾರಾಯಿತು.

ಈಗ ವನಜಕ್ಕ ಬಾಗಿಲು ಬಾಗಿಲು ಬಡಿಯಬೇಕಾಗಿಲ್ಲ. ದಾರಿಯಲ್ಲಿ ಕಂಡರೆ ಅವರೇ ಕೂಗುತ್ತಾರೆ: "ವನಜಕ್ಕಾ, ನಮ್ಮನಿ ಮಾಣಿಗೆ ಬೆಳಿಗ್ಗಿಂದ ಜ್ವರ, ಒಂಚೂರ್ ಬಂದ್ ಕಾಣಿ." ಹಾಗೆ ಕರೆದಾಗೆಲ್ಲ ಅವಳಿಗೆ ಒಳಗೊಳಗೇ ಖುಷಿ. "ಬಂದೆ" ಅಂದವಳೇ ಕೊಡೆ ಬಿಡಿಸಿ ಆ ಮನೆಯತ್ತ ತಿರುಗುತ್ತಾಳೆ.